ಈಜುಕೊಳದ ದೀಪ ಬದಲಾಯಿಸಲು ನೀರು ಖಾಲಿ ಮಾಡಬೇಕೇ?

ನೀರು ಖಾಲಿ ಮಾಡಬೇಕಾಗಿಲ್ಲ. ಮನೆಯ ಕೊಳದ ದೀಪ ಕೆಟ್ಟಿದೆ, ಗಾಜಿನೊಳಗೆ ನೀರು ನಿಂತಿದೆ, ಹಳೆಯದನ್ನು ತೆಗೆದು ಎಲ್‌ಇಡಿ ಹಾಕಬೇಕು ಎಂದಿದ್ದೀರಿ. ಅಷ್ಟೇ ಆಗಿದ್ದರೆ ಇದು ಅರ್ಧ ದಿನದ ಕೆಲಸ. ಆದರೆ ಕೊನೆಯಲ್ಲಿ ನೀವು ಬರೆದಿರುವ ಸಾಲು ನನ್ನನ್ನು ಕಾಡುತ್ತಿದೆ: ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸುರಕ್ಷಾ ಸ್ವಿಚ್) ಟ್ರಿಪ್ ಆಗುತ್ತದೆ, ಆ ಲೈನನ್ನು ಅದರಿಂದ ತಪ್ಪಿಸಿ ನೇರವಾಗಿ ಕೊಟ್ಟರೆ ಸರಿಹೋಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮುಂದೆ ಓದುವ ಮೊದಲೇ ಹೋಗಿ ಆ ಲೈನನ್ನು ಆರಿಸಿ, ಮೇಲೊಂದು ಚೀಟಿ ಅಂಟಿಸಿ. ಇವತ್ತು ಮಕ್ಕಳನ್ನು ನೀರಿಗೆ ಬಿಡಬೇಡಿ.

ಕಾರಣ ಇಷ್ಟು. ಕೊಳದೊಳಗಿನ ದೀಪಕ್ಕೆ ಹೋಗಬೇಕಾದದ್ದು 12 ವೋಲ್ಟ್ ಮಾತ್ರ. ಮನೆಯ 230 ವೋಲ್ಟನ್ನು ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್ ಅಷ್ಟಕ್ಕೆ ಇಳಿಸುತ್ತದೆ. ಅದರ ಎರಡು ಸುರುಳಿಗಳ ನಡುವೆ ತಂತಿಯ ಸಂಪರ್ಕವೇ ಇರುವುದಿಲ್ಲ. ಹಾಗಾಗಿ 12 ವೋಲ್ಟಿನ ದೀಪಕ್ಕೆ ಎಷ್ಟೇ ನೀರು ನುಗ್ಗಿದರೂ ಆಚೆ ಬದಿಯ ಆರ್‌ಸಿಸಿಬಿಗೆ ಅದರ ಸುದ್ದಿ ತಲುಪಬಾರದು. ನಿಮ್ಮಲ್ಲಿ ತಲುಪುತ್ತಿದೆ. ಎಂದರೆ ಟ್ರಾನ್ಸ್‌ಫಾರ್ಮರಿಗೋ ಅದಕ್ಕೆ ಮೊದಲಿನ ವೈರಿಗೋ ತೇವ ಹಿಡಿದಿದೆ, ಇಲ್ಲವೇ ಟ್ರಾನ್ಸ್‌ಫಾರ್ಮರ್ ಇಲ್ಲದೆ 230 ವೋಲ್ಟ್ ನೇರವಾಗಿ ನೀರಿನೊಳಕ್ಕೆ ಹೋಗಿದೆ.

ಎರಡನೆಯದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಕಲೇಶಪುರದ ಕಡೆ ಒಂದು ತೋಟದ ಮನೆಯಲ್ಲಿ ನಿಮ್ಮದೇ ದೂರು ಇತ್ತು. ಪಂಪ್ ರೂಮಿನ ಪೆಟ್ಟಿಗೆ ತೆರೆದೆ. ಸುಟ್ಟ ಟ್ರಾನ್ಸ್‌ಫಾರ್ಮರನ್ನು ಯಾರೋ ತೆಗೆದುಹಾಕಿ, ವೈರುಗಳನ್ನು ಒಂದಕ್ಕೊಂದು ತಿರುಚಿ ಟೇಪು ಸುತ್ತಿ, ಕೆಳಗೆ 230 ವೋಲ್ಟಿನ ದೀಪ ಕೂರಿಸಿದ್ದರು. ದೀಪವನ್ನು ಮೇಲೆತ್ತಿದಾಗ ಗಾಜಿನ ಅರ್ಧದವರೆಗೆ ಹಳದಿ ನೀರು ತುಳುಕುತ್ತಿತ್ತು. ಟರ್ಮಿನಲ್ಲಿನ ತಾಮ್ರ ಹಸಿರು ಪುಡಿಯಾಗಿತ್ತು. ಬೇಸಿಗೆ ರಜೆಯಲ್ಲಿ ಆ ಮನೆಯ ಮಕ್ಕಳೆಲ್ಲ ಅದರಲ್ಲೇ ಆಡಿದ್ದರು. 30 ಮಿಲಿಆಂಪಿಯರ್ ಸೋರಿಕೆಗೆ ಲೈನ್ ಕಡಿಯುವ ಆ ಸಣ್ಣ ಸಾಧನ ಪದೇ ಪದೇ ಟ್ರಿಪ್ ಆಗಿ ಅವರನ್ನು ಕಾಯ್ದಿತ್ತು.

ಆದ್ದರಿಂದ ಮೊದಲ ಕೆಲಸ ಪಂಪ್ ರೂಮಿನಲ್ಲಿ. ಸಿಂಗಲ್ ಪೋಲ್ ಎಂಸಿಬಿ, ಅಂದರೆ ಆ ಲೈನಿನ ಸಣ್ಣ ಬ್ರೇಕರ್, ಫೇಸನ್ನು ಮಾತ್ರ ಕಡಿಯುತ್ತದೆ. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಸ್ವಿಚ್ ಆರಿಸಿ. ಟೆಸ್ಟರ್ ಸ್ಕ್ರೂಡ್ರೈವರಿನ ದೀಪ ಉರಿಯಲಿಲ್ಲವೆಂದು ನಂಬಿ ನೀರಿಗೆ ಕೈ ಹಾಕಬೇಡಿ, ಮಲ್ಟಿಮೀಟರಿನಲ್ಲಿ ನೋಡಿ. ಪೆಟ್ಟಿಗೆಯೊಳಗಿನ ಕೆಲಸವನ್ನು ಸರ್ಕಾರದ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಎಲ್‌ಇಡಿ ಸ್ಟ್ರಿಪ್ಪಿಗೆಂದು ಅಂಗಡಿಯಲ್ಲಿ ಸಿಗುವ ಅಗ್ಗದ 12 ವೋಲ್ಟ್ ಸಪ್ಲೈ ಇಲ್ಲಿಗೆ ಬೇಡವೇ ಬೇಡ. ಈಜುಕೊಳಕ್ಕೆಂದೇ ಮಾಡಿದ ಸೇಫ್ಟಿ ಟ್ರಾನ್ಸ್‌ಫಾರ್ಮರನ್ನೇ ಕೊಳ್ಳಿ. ನಾನು ಅದನ್ನು ಕೊಳದ ಅಂಚಿನಿಂದ ಮೂರೂವರೆ ಮೀಟರಿಗಿಂತ ಆಚೆ, ಒಣ ಜಾಗದಲ್ಲಿ ಇಡುತ್ತೇನೆ.

ಇನ್ನು ದೀಪ. ಗೋಡೆಯ ಗೂಡಿನಲ್ಲಿ ಕೂರುವ ಹಳೆಯ ದೀಪಗಳಲ್ಲಿ ಸಾಮಾನ್ಯವಾಗಿ ಮೇಲ್ಭಾಗದಲ್ಲಿ ಒಂದು ಸ್ಕ್ರೂ ಇರುತ್ತದೆ, ಕೆಳಗೆ ಕೊಕ್ಕೆ. ಅಂಚಿನಲ್ಲಿ ಬೋರಲು ಮಲಗಿ ಕೈ ಚಾಚಿದರೆ ಸಿಗುತ್ತದೆ. ಸಿಗದಿದ್ದರೆ ನೀರನ್ನು ಒಂದಡಿ ಇಳಿಸಿದರೆ ಸಾಕು. ಸ್ಕ್ರೂ ಜೋಪಾನ. ಅದರ ಜಾಗಕ್ಕೆ ಮನೆಯಲ್ಲಿ ಬಿದ್ದಿದ್ದ ಕಬ್ಬಿಣದ ಸ್ಕ್ರೂ ಹಾಕಿದರೆ ಕ್ಲೋರಿನ್ ನೀರು ಅದನ್ನು ತಿಂದುಬಿಡುತ್ತದೆ. ದೀಪವನ್ನು ಮೇಲಿನಿಂದ ಮುಂದಕ್ಕೆ ಬಾಗಿಸಿ ಎತ್ತಿ. ಚೆನ್ನಾಗಿ ಕೆಲಸ ಮಾಡಿದವರು ಗೂಡಿನೊಳಗೆ ಒಂದೂವರೆ ಮೀಟರಿನಷ್ಟು ಕೇಬಲ್ ಸುತ್ತಿಟ್ಟಿರುತ್ತಾರೆ. ದೀಪವನ್ನು ದಡಕ್ಕೆ ತಂದು ಕೆಲಸ ಮಾಡಲಿ ಎಂದೇ ಅದು. ಗೂಡಿನಲ್ಲಿ ನೀರಿರುವುದು ತಪ್ಪಲ್ಲ. ದೀಪದೊಳಗೆ ಇರಬಾರದು, ಅಷ್ಟೇ.

ಒಳಗೆ ಹೇಗೆ ಬಂತು? ಉರಿಯುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಆರಿದ ಮೇಲೆ ಕುಗ್ಗಿ, ಸವೆದ ಗ್ಯಾಸ್ಕೆಟ್ (ಗಾಜಿನ ಅಂಚಿನ ರಬ್ಬರ್ ಬಳೆ) ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಎಷ್ಟೋ ಕಡೆ ನೀರಿನ ದಾರಿ ಕೇಬಲ್ಲೇ. ಕೇಬಲ್ ಹೋಗುವ ಪೈಪಿನೊಳಗೆ ಎಲ್ಲೋ ಜಾಯಿಂಟ್ ಮಾಡಿದ್ದರೆ ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ತಂತಿಯ ಎಳೆಗಳು ನೀರು ಹೀರುತ್ತವೆ. ಜಾಯಿಂಟ್ ಏನಿದ್ದರೂ ನೀರಿನ ಮಟ್ಟಕ್ಕಿಂತ ಮೇಲಿನ ಪೆಟ್ಟಿಗೆಯಲ್ಲಿರಬೇಕು. ಮಲೆನಾಡಿನ ಇಳಿಜಾರಿನ ಮನೆಗಳಲ್ಲಿ ಪಂಪ್ ರೂಮ್ ಕೊಳಕ್ಕಿಂತ ತಗ್ಗಿನಲ್ಲಿರುತ್ತದೆ, ಅಲ್ಲಿ ಕೊಳದ ನೀರು ಇದೇ ಪೈಪಿನಲ್ಲಿ ಇಳಿದು ಪೆಟ್ಟಿಗೆಗೆ ಸುರಿಯುತ್ತದೆ. ನಿಮ್ಮದೂ ಹಾಗಿದ್ದರೆ ಗೂಡಿನ ಹಿಂದೆ ಕೇಬಲ್ ಗ್ಲ್ಯಾಂಡ್ (ಕೇಬಲ್ ಸುತ್ತ ನೀರು ನುಗ್ಗದಂತೆ ಹಿಡಿಯುವ ಬಿಗಿ ಬಿರಡೆ) ಬಿಗಿಯಲೇಬೇಕು.

ಹಳೆಯ ಪಾರ್‌56 ಎಂಬ ಅಳತೆಯ ದುಂಡು ಬಲ್ಬಿನ ಜಾಗಕ್ಕೆ ಅದೇ ಅಳತೆಯ ಎಲ್‌ಇಡಿ ಸಿಗುತ್ತದೆ. ಆದರೆ ಒಳಗೆ ತುಕ್ಕು ಹಿಡಿದಿದ್ದರೆ ಬಲ್ಬಿಗೆ ಖರ್ಚು ಮಾಡಬೇಡಿ, ರೆಸಿನ್ ತುಂಬಿದ, ಐಪಿ68 ಗುರುತಿನ (ನೀರಿನಲ್ಲಿ ಮುಳುಗಿರಲೆಂದೇ ಮಾಡಿದ) ಇಡೀ ದೀಪವನ್ನೇ ತನ್ನಿ. ಅದರಲ್ಲಿ ಸವೆಯಲು ಗ್ಯಾಸ್ಕೆಟ್ಟೇ ಇಲ್ಲ. ಎಸಿಯೋ ಡಿಸಿಯೋ ಎಂಬುದನ್ನು ಟ್ರಾನ್ಸ್‌ಫಾರ್ಮರಿಗೆ ಹೊಂದಿಸಿ ನೋಡಿ. ಎಲ್‌ಇಡಿಯಿಂದ ಇನ್ನೊಂದು ಲಾಭವಿದೆ. 300 ವಾಟ್ ಬಲ್ಬು 12 ವೋಲ್ಟಿನಲ್ಲಿ 25 ಆಂಪಿಯರ್ ಎಳೆಯುತ್ತದೆ. 20 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್ ವೈರ್ ಎಳೆದಿದ್ದರೆ ವೋಲ್ಟೇಜಿನ ದೊಡ್ಡ ಪಾಲು ದಾರಿಯಲ್ಲೇ ಕಳೆದುಹೋಗುವಷ್ಟು ಹೊರೆ ಅದು. 24 ವಾಟ್ ಎಲ್‌ಇಡಿಗೆ ಸುಮಾರು 2 ಆಂಪಿಯರ್ ಸಾಕು, ಅದೇ ವೈರಿನಲ್ಲಿ ನಷ್ಟ ಒಂದು ವೋಲ್ಟೂ ಇಲ್ಲ.

ಹೊಸ ಕೇಬಲ್ಲನ್ನು ದೀಪದಿಂದ ಪೆಟ್ಟಿಗೆಯವರೆಗೆ ಒಂದೇ ತುಂಡಾಗಿ ಎಳೆಯಿರಿ. ಹಳೆಯ ಕೇಬಲ್ಲಿನ ತುದಿಗೆ ನೈಲಾನ್ ದಾರ ಕಟ್ಟಿ ಎಳೆದರೆ ಹೊಸದಕ್ಕೆ ದಾರಿ ಸಿಗುತ್ತದೆ. ಗ್ಯಾಸ್ಕೆಟ್ ಇರುವ ದೀಪವಾದರೆ ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಗೂಡಿನಲ್ಲಿ ಕೂರಿಸುವ ಮೊದಲು ದೀಪವನ್ನು ಹತ್ತು ನಿಮಿಷ ನೀರಿನಲ್ಲಿ ಹಿಡಿದು ನೋಡಿ. ಅಂಚಿನಿಂದ ಗುಳ್ಳೆಗಳ ಸಾಲು ಬಂದರೆ ಬಿಚ್ಚಿ ಮತ್ತೆ ಕೂರಿಸಿ. ಈ ದೀಪಗಳಿಗೆ ನೀರೇ ತಂಪು, ಆದ್ದರಿಂದ ದಡದ ಮೇಲೆ ಉರಿಸಿ ನೋಡುವ ಆಸೆ ಬೇಡ. ಎಲ್ಲ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಮೆಗ್ಗರ್ (ವೈರಿನ ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಾಕಿಸಿ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಅದು ಬೀಳುವುದನ್ನು ನೋಡಿ, ಆಮೇಲೆ ದೀಪ ಹಾಕಿ.

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗೆ ಏನಿತ್ತೆಂದು ಇಲ್ಲೇ ಬರೆಯಿರಿ. ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಮೇಲಿನ ವೋಲ್ಟ್ ಮತ್ತು ವಿಎ (ಅದು ಎಷ್ಟು ಹೊರೆ ಹೊರಬಲ್ಲದು ಎಂಬ) ಅಂಕಿಗಳನ್ನೂ ತಿಳಿಸಿ, ಯಾವ ಎಲ್‌ಇಡಿ ಹೊಂದುತ್ತದೆಂದು ಹೇಳುತ್ತೇನೆ.