ಒಗ್ಗರಣೆ ಹಾಕಿದರೆ 300, ಮಳೆ ಹಿಡಿದರೆ 90

ಪ್ರಶ್ನೆ: ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಎಸ್‌ಡಿಎಸ್011 ದೂಳಿನ ಸೆನ್ಸರ್ ಜೋಡಿಸಿ, ಮನೆಯ ಸಾಧನಗಳನ್ನು ನಿಯಂತ್ರಿಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶದ ಮೂಲಕ ಏರ್ ಪ್ಯೂರಿಫೈಯರ್ ತಾನಾಗಿಯೇ ಚಾಲೂ ಆಗುವಂತೆ ಮಾಡಿದ್ದೇನೆ. ಒಗ್ಗರಣೆ ಹಾಕಿದರೆ ಪಿಎಂ2.5 (ಗಾಳಿಯಲ್ಲಿನ ಅತಿ ಸಣ್ಣ ಕಣಗಳ) ಅಂಕಿ 300 ದಾಟುತ್ತದೆ. ಪ್ಯೂರಿಫೈಯರ್ ಪದೇ ಪದೇ ಹತ್ತಿ ಆರುತ್ತದೆ. ಜಡಿಮಳೆಯ ಬೆಳಿಗ್ಗೆ ಕಿಟಕಿ ತೆರೆದರೂ 90 ತೋರಿಸುತ್ತದೆ. ಸೆನ್ಸರ್ ಕೆಟ್ಟಿದೆಯೇ? ಇಂಗಾಲದ ಡೈಆಕ್ಸೈಡ್ ಅಳೆಯಲು ಎಂಕ್ಯೂ135 ಅನಿಲ ಸೆನ್ಸರ್ ಸೇರಿಸಬಹುದೇ?
— ಓದುಗರು, ಮಡಿಕೇರಿ

ಉತ್ತರ: ಕೆಟ್ಟಿರಲಾರದು. ಒಳಗಿನ ಪುಟ್ಟ ಫ್ಯಾನ್ ಎಳೆದುಕೊಂಡ ಗಾಳಿಯ ಮೇಲೆ ಲೇಸರ್ ಬೆಳಕು ಬಿದ್ದು, ಕಣಗಳಿಂದ ಚದುರಿದ ಬೆಳಕನ್ನು ಸೆನ್ಸರ್ ಎಣಿಸುತ್ತದೆ. ಆ ಕಣ ದೂಳೋ, ಎಣ್ಣೆಯ ಹೊಗೆಯೋ, ನೀರಿನ ಹನಿಯೋ ಎಂಬುದು ಅದಕ್ಕೆ ತಿಳಿಯದು. ಒಗ್ಗರಣೆಯ 300 ಬಹುಮಟ್ಟಿಗೆ ನಿಜವಾದ ಹೊಗೆಯೇ. ಮಳೆಯ 90ನ್ನು ಮಾತ್ರ ನಂಬಬೇಡಿ. ತೇವಾಂಶ ಹೆಚ್ಚಿದಾಗ ಕಣಗಳು ನೀರು ಹೀರಿ ಉಬ್ಬುತ್ತವೆ. ಈ ಸೆನ್ಸರಿಗೆ ತಯಾರಕರು ಹೇಳುವ ಮಿತಿಯೇ ಶೇ 70 ತೇವಾಂಶ, ಕೊಡಗಿನ ಆಷಾಢದಲ್ಲಿ ಅದಕ್ಕಿಂತ ಕೆಳಗಿಳಿಯುವ ದಿನಗಳು ಎಷ್ಟಿದ್ದಾವು! ಪಕ್ಕದಲ್ಲೊಂದು ತೇವಾಂಶದ ಸೆನ್ಸರ್ ಇಟ್ಟು, 70 ಮೀರಿದಾಗಿನ ಅಂಕಿಗಳನ್ನು ಲೆಕ್ಕದಿಂದ ಬಿಡಿ.

ಪ್ಯೂರಿಫೈಯರ್ ಹತ್ತಿ ಆರುವುದಕ್ಕೆ ಕಾರಣ, ಕ್ಷಣದ ಅಂಕಿಯನ್ನು ನೋಡಿ ಆಜ್ಞೆ ಕೊಡುತ್ತಿರುವುದು. ನಮ್ಮ ದೇಶದ ಮಾನದಂಡವಾದ ಘನಮೀಟರಿಗೆ 60 ಮೈಕ್ರೋಗ್ರಾಂ ಎಂಬುದೂ 24 ಗಂಟೆಗಳ ಸರಾಸರಿಯೇ ಹೊರತು ಒಂದು ಕ್ಷಣದ್ದಲ್ಲ. ಹತ್ತು ನಿಮಿಷದ ಸರಾಸರಿ 60 ದಾಟಿದಾಗ ಚಾಲೂ ಆಗಿ, 35ಕ್ಕೆ ಇಳಿದ ಮೇಲಷ್ಟೇ ಆರುವಂತೆ ಎರಡು ಬೇರೆ ಮಿತಿಗಳನ್ನು ಇಡಿ. ಸೆನ್ಸರಿನ ಪೆಟ್ಟಿಗೆಯನ್ನು ಒಲೆಯಿಂದಲೂ ದೇವರ ಮನೆಯಿಂದಲೂ ದೂರ, ಮಂಚದ ಎತ್ತರದಲ್ಲಿ ಇಡುವುದು ಒಳ್ಳೆಯದು; ನಮ್ಮಲ್ಲಿ ಒಂದು ಊದುಬತ್ತಿಯೇ ಇಡೀ ದಿನದ ಗ್ರಾಫನ್ನು ಕೆಡಿಸಿತ್ತು.

ಇನ್ನೊಂದು ಮಾತು, ನೀವು ಕೇಳದಿದ್ದರೂ: ಈ ಲೇಸರಿನ ಆಯುಷ್ಯ ಸುಮಾರು 8000 ಗಂಟೆ, ಎಂದರೆ ಬಿಡುವಿಲ್ಲದೆ ನಡೆಸಿದರೆ ಒಂದು ವರ್ಷವೂ ಬಾರದು. ಐದು ನಿಮಿಷಕ್ಕೊಮ್ಮೆ ಎಚ್ಚರಗೊಂಡು, 30 ಸೆಕೆಂಡು ಅಳೆದು ಮಲಗುವಂತೆ, ಬೋರ್ಡನ್ನು ನಡೆಸುವ ತಂತ್ರಾಂಶವಾದ ಇಎಸ್‌ಪಿಹೋಮ್‌ನಲ್ಲಿ ಹೊಂದಿಸಿ.

ಎಂಕ್ಯೂ135 ಬೇಡ. ಅಮೋನಿಯಾ, ಆಲ್ಕೊಹಾಲ್, ಹೊಗೆ ಎಲ್ಲಕ್ಕೂ ಒಂದೇ ರೀತಿ ಮಿಡಿಯುವ ಅದು ಕೊಡುವ ಡೈಆಕ್ಸೈಡ್ ಅಂಕಿ ಬರಿಯ ಊಹೆ. ದುಬಾರಿಯಾದರೂ ಇಂಗಾಲದ ಡೈಆಕ್ಸೈಡನ್ನೇ ಅಳೆಯುವ ಎಸ್‌ಸಿಡಿ40 ಕೊಳ್ಳಿ. ಅದು ತನ್ನನ್ನು ತಾನೇ ಸರಿಪಡಿಸಿಕೊಳ್ಳಲು ವಾರಕ್ಕೊಮ್ಮೆಯಾದರೂ ಕಿಟಕಿ ತೆರೆದು ಹೊರಗಿನ ಗಾಳಿ ತೋರಿಸಬೇಕು.