ಕೊಬ್ಬರಿ ದುಡ್ಡಿನಲ್ಲಿ ಕ್ರಿಕೆಟ್ ಕಾರ್ಡು ಕೊಳ್ಳಬಹುದಾ?

ಪ್ರಶ್ನೆ: ಮೇಡಂ, ನನ್ನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕ್ರಿಕೆಟ್ ಅಂದ್ರೆ ಪ್ರಾಣ. ಆಟಗಾರರ ಡಿಜಿಟಲ್ ಕಾರ್ಡು ಅಂತ ಮೊಬೈಲಿನಲ್ಲೇ 40 ಸಾವಿರ ರೂಪಾಯಿಗೆ ಕೊಂಡಿದ್ದಾನೆ. ಈಗ ಕೊಬ್ಬರಿ ಮಾರಿದ ದುಡ್ಡಲ್ಲಿ 1 ಲಕ್ಷ ಕೊಡು, ಐದು ವರ್ಷಕ್ಕೆ ಹತ್ತು ಪಟ್ಟು ಆಗುತ್ತೆ ಅಂತಾನೆ. ಕೈಯಲ್ಲಿ ಹಿಡಿಯೋಕೆ ಏನೂ ಇಲ್ಲ. ಇದೂ ಆಸ್ತಿನಾ?
– ಓದುಗರೊಬ್ಬರು, ತಿಪಟೂರು ತಾಲ್ಲೂಕು

ಉತ್ತರ: ಈ ಕಾರ್ಡನ್ನು ಎನ್‌ಎಫ್‌ಟಿ ಅಂತಾರೆ. ಆಟಗಾರನ ಚಿತ್ರವೋ ವಿಡಿಯೊ ತುಣುಕೋ ಇರುತ್ತದೆ, ಇಂಥ ಸಂಖ್ಯೆಯದ್ದು ಇಂಥವರದ್ದು ಅಂತ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಕೈಯಲ್ಲಿ ಹಿಡಿಯೋಕೆ ಆಗಲ್ಲ ಅನ್ನೋದಕ್ಕೆ ಹೆದರಬೇಡಿ ಅಮ್ಮ. ಷೇರುಗಳೂ ಈಗ ಕಾಗದದಲ್ಲಿ ಇಲ್ಲ, ಡಿಮ್ಯಾಟ್ ಖಾತೆಯಲ್ಲಿವೆ. ನನ್ನ ಚಿಂತೆ ಬೇರೆ. ನಿಮ್ಮೂರಿನ ಎಪಿಎಂಸಿಯಲ್ಲಿ ಕೊಬ್ಬರಿ ಬೆಲೆ ಏರಲಿ ಇಳಿಯಲಿ, ಹರಾಜಿನ ದಿನ ಕೊಳ್ಳುವವರು ಬಂದಿರುತ್ತಾರೆ. ಎಣ್ಣೆ ತೆಗೆಯುವವರಿಗೆ, ಸಿಹಿತಿಂಡಿ ಮಾಡುವವರಿಗೆ ಅದು ಬೇಕು. ನಿಮ್ಮ ಮಗನ ಕಾರ್ಡು ಬೇಕಾಗಿರುವುದು ಅವನಂಥ ಇನ್ನೊಬ್ಬ ಅಭಿಮಾನಿಗೆ ಮಾತ್ರ. ಆ ಇನ್ನೊಬ್ಬ ಬರದಿದ್ದರೆ ಬೆಲೆಯೇ ಇಲ್ಲ.

ಹಾಗಂತ ಅವನ ಆಸೆ ಸುಳ್ಳಲ್ಲ. ನಮ್ಮಣ್ಣ ಚಿಕ್ಕವನಿದ್ದಾಗ ಚೂಯಿಂಗ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡುಗಳನ್ನು ಬಿಸ್ಕತ್ ಡಬ್ಬಿಯಲ್ಲಿ ಕೂಡಿಡುತ್ತಿದ್ದ. ಕಿರ್ಮಾನಿ, ರೋಜರ್ ಬಿನ್ನಿ ಸಿಕ್ಕಿದ ದಿನ ಮನೆಯಲ್ಲಿ ಹಬ್ಬ. ಮನೆ ಬದಲಿಸುವಾಗ ಅಮ್ಮ ಆ ಡಬ್ಬಿಯನ್ನು ಗುಜರಿಗೆ ಹಾಕಿದರು. ಅಣ್ಣ ಎರಡು ದಿನ ಮಾತಾಡಲಿಲ್ಲ.

ಹಳೇ ಕಾರ್ಡಿಗೆ ಬೆಲೆ ಬರುವುದು ಹೀಗೆ ಎಸೆಯುವವರು ಇರುವುದರಿಂದಲೇ. ಅಮೆರಿಕದ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಅವರ 1952ರ ಕಾಗದದ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರ್‌ಗೆ ಹರಾಜಾಯಿತು. ಆ ಸಾಲಿನ ಕಾರ್ಡುಗಳು ಮಾರಾಟವಾಗದೆ ಉಳಿದಾಗ ಕಂಪನಿಯೇ 1960ರಲ್ಲಿ ಅವನ್ನು ಸಮುದ್ರಕ್ಕೆ ಸುರಿಸಿತ್ತು. ಉಳಿದವನ್ನು ಮಕ್ಕಳು ಹರಿದರು, ಅಮ್ಮಂದಿರು ಗುಜರಿಗೆ ಹಾಕಿದರು. ಎಪ್ಪತ್ತು ವರ್ಷ ದಾಟಿ ಚೆನ್ನಾಗಿ ಉಳಿದದ್ದು ಕೆಲವೇ ಕೆಲವು. ಡಿಜಿಟಲ್ ಕಾರ್ಡು ಹರಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಎಷ್ಟು ಕಾರ್ಡು ಬಿಡುತ್ತೇವೆ ಅಂತ ಕಂಪನಿ ಹೇಳುತ್ತದೆ, ನಿಜ. ಆದರೆ ಅದೇ ಆಟಗಾರನ ಇನ್ನೊಂದು ಸಿಕ್ಸರಿನ ಕಾರ್ಡನ್ನು ನಾಳೆ ಅದೇ ಕಂಪನಿ ಬಿಡಬಹುದು.

ಮಗ ಬಹುಶಃ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಕಥೆ ಹೇಳಿರುತ್ತಾನೆ. ಹೌದು, ಅವರ ಬ್ಯಾಸ್ಕೆಟ್‌ಬಾಲ್ ವಿಡಿಯೊ ತುಣುಕೊಂದು 2021ರ ಫೆಬ್ರುವರಿಯಲ್ಲಿ 2 ಲಕ್ಷ 8 ಸಾವಿರ ಡಾಲರ್‌ಗೆ ಮಾರಾಟವಾಯಿತು. ಇಂಥ ತುಣುಕುಗಳನ್ನು ಮಾರುವ ಎನ್‌ಬಿಎ ಟಾಪ್ ಶಾಟ್ ಅನ್ನುವ ತಾಣದಲ್ಲಿ. ಆದರೆ ಆ ಭರಾಟೆ ಬೇಗ ಇಳಿಯಿತು. ಅಮೆರಿಕದ್ದೇ ಇನ್ನೊಂದು ದೊಡ್ಡ ಕಂಪನಿ, ಡ್ರಾಫ್ಟ್‌ಕಿಂಗ್ಸ್, 2024ರ ಜುಲೈನಲ್ಲಿ ತನ್ನ ಡಿಜಿಟಲ್ ಕಾರ್ಡುಗಳ ಸಂತೆಯನ್ನೇ ಮುಚ್ಚಿತು. ಸಂತೆಯೇ ಎದ್ದುಹೋದರೆ ಸರಕನ್ನು ಎಲ್ಲಿಗೆ ಒಯ್ಯುವುದು? ಇನ್ನೊಂದು ಮಾತು. ಕಾರ್ಡು ನಮ್ಮದಾದರೂ ಆ ವಿಡಿಯೊದ ಹಕ್ಕು ನಮಗೆ ಬರುವುದಿಲ್ಲ. ನೋಡಬಹುದು, ತೋರಿಸಬಹುದು, ಅಷ್ಟೇ.

ನಾನೂ 2022ರಲ್ಲಿ 6 ಸಾವಿರ ಕೊಟ್ಟು ಒಂದು ಕಾರ್ಡು ಕೊಂಡೆ. ನನ್ನ ಹತ್ತಿರ ತೆರಿಗೆ ಲೆಕ್ಕ ಬರೆಸುವ ಹುಡುಗರು ಕೇಳುತ್ತಿದ್ದರು, ತಿಳಿಯದೆ ಹೇಗೆ ಹೇಳಲಿ ಅಂತ. ವರ್ಷದ ನಂತರ ಮಾರಾಟಕ್ಕಿಟ್ಟೆ. ಪರದೆ ಮೇಲೆ 9 ಸಾವಿರ ಅಂತ ತೋರಿಸುತ್ತಿತ್ತು. ಎರಡು ತಿಂಗಳು ಒಬ್ಬರೂ ಕೇಳಲಿಲ್ಲ. ಇಳಿಸಿ ಇಳಿಸಿ ಕೊನೆಗೆ 1,100ಕ್ಕೆ ಕೊಟ್ಟೆ. ಪರದೆಯ ಬೆಲೆ ಬೇರೆ, ಕೈಗೆ ಬರುವ ಬೆಲೆ ಬೇರೆ ಅಂತ ಆವತ್ತು ಚೆನ್ನಾಗಿ ಅರ್ಥವಾಯಿತು.

ಇನ್ನು ತೆರಿಗೆ. ಇದನ್ನು ಮಗನಿಗೆ ಓದಿ ಹೇಳಿ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಎನ್‌ಎಫ್‌ಟಿ ಅನ್ನುವ ಈ ಕಾರ್ಡುಗಳ ಲಾಭಕ್ಕೆ 2022ರ ಏಪ್ರಿಲ್ 1ರಿಂದ ನಮ್ಮಲ್ಲಿ 30% ತೆರಿಗೆ ಇದೆ, ಅದರ ಮೇಲೆ 4% ಸೆಸ್. ಒಂದು ಕಾರ್ಡಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. 10 ಸಾವಿರದಂತೆ ಎರಡು ಕಾರ್ಡು ಕೊಂಡ ಅಂತಿಟ್ಟುಕೊಳ್ಳಿ. ಒಂದು 18 ಸಾವಿರಕ್ಕೆ ಹೋಯಿತು, ಇನ್ನೊಂದು 4 ಸಾವಿರಕ್ಕೆ. ಎರಡೂ ಸೇರಿ ಉಳಿದದ್ದು 2,000 ರೂಪಾಯಿ. ಆದರೆ ತೆರಿಗೆ ಬೀಳುವುದು ಮೊದಲ ಕಾರ್ಡಿನ 8,000 ಲಾಭದ ಮೇಲೆ. ಸೆಸ್ ಸೇರಿ 2,496 ರೂಪಾಯಿ! ಗೆದ್ದೂ 496 ರೂಪಾಯಿ ಕೈಯಿಂದ ಕಟ್ಟಬೇಕು. ಆ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯೋಕೂ ಆಗಲ್ಲ. ಚಿನ್ನ, ಷೇರಿಗೆ ಇಷ್ಟು ಕಠಿಣ ನಿಯಮ ಇಲ್ಲ.

ಅವನನ್ನು ಬೈಯಬೇಡಿ. ಇಷ್ಟದ ಆಟಗಾರನ ಕಾರ್ಡು ತನ್ನ ಹೆಸರಿನಲ್ಲಿದೆ, ಅದರ ಮೇಲಿನ ಸಂಖ್ಯೆ ಆಟಗಾರನ ಜೆರ್ಸಿಯದ್ದೇ ಅಂದರೆ ಆ ಖುಷಿಯೇ ಬೇರೆ. ದ್ರಾವಿಡ್ ಅವರದ್ದು 19ನೇ ಸಂಖ್ಯೆಯ ಕಾರ್ಡು ಸಿಕ್ಕರೆ ನಾನೂ ಸ್ವಲ್ಪ ದುಡ್ಡು ಕೊಡುತ್ತೇನೆ. ಅದು ಸಿನಿಮಾ ಟಿಕೆಟಿಗೆ ಕೊಟ್ಟ ಹಾಗೆ, ವಾಪಸ್ ಬರಲಿ ಅಂತಲ್ಲ. ಅವನ ಸಂಬಳದಲ್ಲಿ ತಿಂಗಳಿಗೆ ಐನೂರೋ ಸಾವಿರವೋ ಅಂಥದ್ದಕ್ಕೆ ಹೋದರೆ ಹೋಗಲಿ.

ಒಂದು ಕೆಲಸ ಮಾಡಿಸಿ. ಇರುವ ಕಾರ್ಡುಗಳಲ್ಲಿ ಅವನೇ ಆರಿಸಿದ ಒಂದನ್ನು ಈ ಭಾನುವಾರ ಮಾರಾಟಕ್ಕಿಡಲಿ. ಎಷ್ಟು ದಿನಕ್ಕೆ ಹೋಯಿತು, ಕಮಿಷನ್ ಮತ್ತು ತೆರಿಗೆ ಕಳೆದು ಬ್ಯಾಂಕ್ ಖಾತೆಗೆ ಎಷ್ಟು ಬಂತು ಅಂತ ನಿಮ್ಮ ಪಕ್ಕ ಕೂತು ಬರೆದು ತೋರಿಸಲಿ. ಅಲ್ಲಿವರೆಗೆ ಕೊಬ್ಬರಿ ದುಡ್ಡು ನಿಮ್ಮ ಖಾತೆಯಲ್ಲೇ ಇರಲಿ.