ಕಾನೂನು ಪ್ರಶ್ನೋತ್ತರ: ಮನೆ ಕೆಡವಲು ಗಡುವು, ಅದನ್ನು ಹೇಳಬೇಕಾದವರು ಯಾರು?

ಪ್ರಶ್ನೆ: ಸರ್, ಅಕ್ರಮ ಕಟ್ಟಡವೇ ಆದರೂ ನೋಟಿಸು ಕೊಟ್ಟು 15 ದಿನ ಕಾಯಬೇಕು ಎಂದು ಸುಪ್ರೀಂ ಕೋರ್ಟು ನಿಯಮ ಹಾಕಿತು. ನಿಯಮ ಮಾಡುವುದು ಶಾಸಕರ ಕೆಲಸ ಅಲ್ವಾ? ಜಡ್ಜುಗಳನ್ನು ನಾವೇನೂ ಆರಿಸಿಲ್ಲವಲ್ಲ.
– ಓದುಗರು, ಹಾವೇರಿ

ಉತ್ತರ: ಕಾನೂನು ಮಾಡುವುದು ಶಾಸಕರ ಕೆಲಸವೇ, ಎರಡು ಮಾತಿಲ್ಲ. ಆದರೂ 2024ರ ನವೆಂಬರ್ 13ರ ಆ ತೀರ್ಪಿನ ವಿಷಯದಲ್ಲಿ ನಾನು ಕೋರ್ಟಿನ ಪರ.

ಕೆಲವು ರಾಜ್ಯಗಳಲ್ಲಿ ನಡೆಯುತ್ತಿದ್ದದ್ದು ನೆನಪಿಸಿಕೊಳ್ಳಿ. ಯಾರ ಮೇಲೋ ಕ್ರಿಮಿನಲ್ ಕೇಸು ಬೀಳುತ್ತಿತ್ತು, ಬೆನ್ನಿಗೇ ಅವರ ಮನೆ ಮುಂದೆ ಬುಲ್ಡೋಜರ್. ಆರೋಪ ಒಬ್ಬನ ಮೇಲೆ, ಬೀದಿಗೆ ಬೀಳುವುದು ಇಡೀ ಸಂಸಾರ. ತಪ್ಪಿತಸ್ಥ ಯಾರು ಎಂದು ತೀರ್ಮಾನಿಸುವುದು ಕೋರ್ಟಿನ ಕೆಲಸ. ಅದನ್ನು ಅಧಿಕಾರಿ ಕೈಗೆತ್ತಿಕೊಂಡರೆ ಮೇರೆ ಮೀರಿದವರು ಯಾರು, ನೀವೇ ಹೇಳಿ.

ತೀರ್ಪಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ಅಂಶ. ನೋಟಿಸು ಜಾರಿಯಾದ ಕೂಡಲೇ ಜಿಲ್ಲಾಧಿಕಾರಿ ಕಚೇರಿಗೆ ಇಮೇಲ್ ಹೋಗಬೇಕು, ಅಲ್ಲಿಂದ ತಾನಾಗಿಯೇ ಸ್ವೀಕೃತಿ ಬರಬೇಕು. ಯಾಕೆ? ಹಿಂದಿನ ತಾರೀಖು ಹಾಕಿದರು ಎಂಬ ಮಾತು ಬರಬಾರದು ಅಂತ. ವಕೀಲಿಕೆಯಲ್ಲಿ ಇದನ್ನು ಕಣ್ಣಾರೆ ಕಂಡವನು ನಾನು. ಗೋಡೆಗೆ ನೋಟಿಸು ಅಂಟಿಸಿದ್ದು ನಿನ್ನೆ ಸಂಜೆ, ಅದರ ಮೇಲಿದ್ದ ತಾರೀಖು ಹಿಂದಿನ ತಿಂಗಳದ್ದು. ಗಡುವು ಆಗಲೇ ಮುಗಿದಿತ್ತು! ಆ ಕಕ್ಷಿದಾರರಿಗೆ ಏನು ಸಮಾಧಾನ ಹೇಳುವುದು? ಈಗ ತೀರ್ಪು ಮೀರಿ ಕೆಡವಿದರೆ ಅಧಿಕಾರಿ ಸ್ವಂತ ಜೇಬಿನಿಂದ ತೆರಬೇಕು.

ನಿಮ್ಮ ಆತಂಕವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಕೋರ್ಟು ಇಲ್ಲಿ ಬಳಸಿದ್ದು ಸಂವಿಧಾನದ 142ನೇ ವಿಧಿ, ಅಂದರೆ ಪೂರ್ಣ ನ್ಯಾಯ ಒದಗಿಸಲು ಬೇಕಾದ ಆದೇಶ ಹೊರಡಿಸಲು ಸುಪ್ರೀಂ ಕೋರ್ಟಿಗಿರುವ ಅಧಿಕಾರ. ಆ ವಿಶೇಷ ಅಧಿಕಾರದ ಬಳಕೆ ಜಾಸ್ತಿಯಾದರೆ ನನಗೂ ಕಳವಳವೇ. ಆದರೆ ವಿಶಾಖಾ ಪ್ರಕರಣ ನೋಡಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯಲು ಕೋರ್ಟು 1997ರಲ್ಲಿ ಮಾರ್ಗಸೂಚಿ ಕೊಟ್ಟಿತು. ಸಂಸತ್ತು ಕಾನೂನು ತಂದದ್ದು 2013ರಲ್ಲಿ. ಆ 16 ವರ್ಷ ಹೆಣ್ಣುಮಕ್ಕಳು ಕಾಯುತ್ತಾ ಕೂರಬೇಕಿತ್ತೇ? ಶಾಸಕರು ನಾಳೆಯೇ ಇದಕ್ಕಿಂತ ಒಳ್ಳೆಯ ಕಾನೂನು ತರಲಿ, ಯಾರು ಬೇಡ ಅಂತಾರೆ?

ಇನ್ನೊಂದು ವಿಷಯ. ರಸ್ತೆ, ಫುಟ್‌ಪಾತ್, ಕೆರೆ-ಹೊಳೆ, ರೈಲು ಹಳಿ ಬದಿಯ ಒತ್ತುವರಿಗೆ ಈ ರಕ್ಷಣೆ ಇಲ್ಲ. ಉಳಿದವರು ನೋಟಿಸು ಬಂದರೆ ಅಂಚೆಯ ಕವರನ್ನು ಎಸೆಯಬೇಡಿ. 15 ದಿನ ಲೆಕ್ಕ ಹಾಕುವುದು ನೋಟಿಸು ಕೈಸೇರಿದ ದಿನದಿಂದ.